ಸೊಸೆಯ ಗಾಡಿಗೆ ಹಿಂದಿನ ಆರ್ಮು

ಊರೆಲ್ಲ ಅವರನ್ನು ಕರೆಯುವುದು ಬಿಗಿ ಮೇಸ್ತ್ರಿ ಎಂದೇ. ಹೆಸರು ಸುಮ್ಮನೆ ಬಂದದ್ದಲ್ಲ. ಅವರು ಬಿಗಿದ ನಟ್ಟು ಬಿಚ್ಚಬೇಕಾದರೆ ಬೇರೆ ಗ್ಯಾರೇಜಿನವರು ಮೊದಲು ಅವರಿಗೆ ಶಾಪ ಹಾಕಿ, ಆಮೇಲೆ ಸ್ಪ್ಯಾನರ್ ಹಾಕುತ್ತಾರೆ. ಅವರ ಶೆಡ್ಡಿನಲ್ಲಿ ಇರುವುದೊಂದೇ ಕಾನೂನು: ಮೇಸ್ತ್ರಿ ಮುಟ್ಟಿದ ಗಾಡಿಗೆ ಇನ್ನೊಬ್ಬರ ಸ್ಪ್ಯಾನರ್ ತಾಗಕೂಡದು. ಕೆಲಸ ಕಲಿಯಲು ಬಂದವರೆಲ್ಲ ಈ ಕಾನೂನಿಗೆ ಬೇಸತ್ತು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗಿದ್ದರು.

ಅಂಥ ಮನುಷ್ಯನ ಬಲಗೈ ಕಳೆದ ಚಳಿಗಾಲದಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೆಬ್ಬೆರಳ ಬುಡದ ಮಾಂಸ ಇಳಿದುಹೋಗಿತ್ತು. ಬೆರಳುಗಳಿಗೆ ಹೊತ್ತುಗೊತ್ತಿಲ್ಲದೆ ಜೋಮು. ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಹೇಗೋ ದಿನ ದೂಡುತ್ತಿದ್ದರು. ಅವರ ಪಾಡು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

"ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳಲ್ಲ. ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು," ಎಂದು ಹೆಂಡತಿ ಸಿಡುಕುವರು.

"ಮನೇಲೇ ಒಬ್ಳು ಡಾಕ್ಟ್ರು ಇದಾಳಲ್ಲೇ, ಸಾಲ್ದಾ?" ಎಂದು ಮೇಸ್ತ್ರಿ ಮಾತು ಹಾರಿಸುವರು. ಮನೆಯ ಡಾಕ್ಟರು ಎಂದರೆ ಸೊಸೆ. ಅವಳು ನೋಡುವುದು ದನಕರುಗಳನ್ನು.

ಸೊಸೆ ತಾನೇ ಜೀಪು ಓಡಿಸಿಕೊಂಡು ಗುಡ್ಡದ ಮೇಲಿನ ದೊಡ್ಡಿಗಳಿಗೆ ಹೋಗುತ್ತಿದ್ದಳು. ದಾರಿಯೆಂದರೆ ಬರೀ ಬಂಡೆ, ಒಂದು ಪಕ್ಕ ಕಮರಿ. ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತದೆಂದು ಮೇಸ್ತ್ರಿಯೇ ಉದ್ದನೆಯ ಸ್ಪ್ರಿಂಗು ಹಾಕಿ ಅದನ್ನು ನಾಲ್ಕು ಇಂಚು ಎತ್ತರಿಸಿದ್ದರು. ಎತ್ತರದ ಜೊತೆಗೆ ತೊಂದರೆಯೂ ಬಂತು. ಹಿಂದಿನ ಚಕ್ರಗಳ ಆಕ್ಸಲನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಹಿಡಿದಿಡುವ ಕಬ್ಬಿಣದ ಆರ್ಮುಗಳು ಹಳೆಯ ಅಳತೆಯವೇ ಆಗಿದ್ದವು. ಗಾಡಿ ಮೇಲೆದ್ದಾಗ ಅವು ಅಳತೆಗೆ ಗಿಡ್ಡ ಬಿದ್ದು, ಆಕ್ಸಲನ್ನು ಮುಂದಕ್ಕೆ ಎಳೆದುಕೊಂಡಿದ್ದವು.

"ಮಾವ, ನಿನ್ನೆ ಇಳಿಯೋವಾಗ ಹಿಂಭಾಗ ಕಮರಿ ಕಡೆಗೇ ಎಳೀತು. ಜೀವ ಬಾಯಿಗೆ ಬಂದಿತ್ತು," ಎಂದಳು ಸೊಸೆ.

ಮೇಸ್ತ್ರಿ ಅಂದೇ ಬಿಡಿಭಾಗದ ಅಂಗಡಿಗೆ ಹೋದರು. ಅಂಗಡಿಯವನು ಎರಡು ಜೊತೆ ಆರ್ಮು ತಂದು ಮುಂದಿಟ್ಟ. ಒಂದು ಜೊತೆಯದು ಬದಲಾಗದ ಅಳತೆ, ಎರಡು ಇಂಚು ಎತ್ತರಿಸಿದ ಗಾಡಿಗೆಂದು ಮಾಡಿದ್ದು. ಇನ್ನೊಂದು ಜೊತೆ ತಿರುಗಿಸಿ ಉದ್ದ ಹೊಂದಿಸಿಕೊಳ್ಳುವಂಥದ್ದು; ಅಳತೆ ಕೂಡಿದ ಮೇಲೆ ಒಂದೊಂದಕ್ಕೂ ದೊಡ್ಡ ನಟ್ಟೊಂದನ್ನು ಬಿಗಿಯಬೇಕು.

"ನಾಲ್ಕಿಂಚಿಗೆ ಇದೇ ಸರಿ ಮೇಸ್ತ್ರಿ. ಆದ್ರೆ ಈ ನಟ್ಟು ಸಡ್ಲ ಆಯ್ತೋ, ಥ್ರೆಡ್ ತಿಂದ್ಹೋಗಿ ದಾರಿ ಮಧ್ಯ ಕೈ ಕೊಡುತ್ತೆ. ನಿಮಗ್ಯಾಕೆ ಆ ಚಿಂತೆ? ನೀವು ಬಿಗಿದ್ರೆ ಮುಗೀತು," ಎಂದ.

ಮೇಸ್ತ್ರಿ ಆ ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆ ನಟ್ಟು ಕೂರುವ ಜಾಗ ಅವರಿಗೆ ಗೊತ್ತು. ಸುತ್ತಲೂ ಚಾಸಿ, ಅಲ್ಲಿ ಪೈಪು ಆಡುವುದಿಲ್ಲ, ಬರಿಯ ಮಣಿಕಟ್ಟಿನ ಬಲದಲ್ಲೇ ಬಿಗಿಯಬೇಕು.

"ಒಂದೇ ಅಳತೇದು ಕೊಡು. ಅದೇ ಗಟ್ಟಿ," ಎಂದುಬಿಟ್ಟರು. ಅಂಗಡಿಯವನು ಮುಖ ನೋಡಿದ. ಬಿಗಿ ಮೇಸ್ತ್ರಿಗೆ ಎದುರು ಹೇಳುವವರು ಯಾರು?

ಮನೆಯಲ್ಲಿ ಸೊಸೆ ಆರ್ಮನ್ನು ಎತ್ತಿ ನೋಡಿದಳು. "ನಾಲ್ಕಿಂಚಿಗೆ ಇದು ಸರಿಹೋಗುತ್ತಾ ಮಾವ?"

"ಹೋಗುತ್ತೆ."

"ನೀವು ಹೇಳಿದ್ಮೇಲೆ ಇನ್ನೇನು ಬಿಡಿ," ಎಂದು ಒಳಗೆ ಹೋದಳು.

ಆಮೇಲೆ ಮೇಸ್ತ್ರಿಗೆ ಊಟ ಸೇರಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾವು ನಗುತ್ತೇವೆ. ಇಲ್ಲಿ ನಗುವುದೆಲ್ಲಿ ಬಂತು? ಮೀಸೆ ಉಳಿಸಿಕೊಳ್ಳಲು ಈ ಮಹಾರಾಯರು ಸೊಸೆಯನ್ನೇ ಕಮರಿಯ ಅಂಚಿಗೆ ಕಳಿಸಲು ಹೊರಟಿದ್ದರು. ಅದು ಅವರಿಗೂ ಗೊತ್ತಿತ್ತು. ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಬೆಳಗಾದದ್ದೇ ಅಂಗಡಿಗೆ ಹೋಗಿ, ತಲೆ ಎತ್ತದೆ ಆ ಜೊತೆ ಹಿಂದಿರುಗಿಸಿ, ಇನ್ನೊಂದನ್ನು ತಂದರು.

ಇಡೀ ದಿನ ಕೆಲಸ ನಡೆಯಿತು. ಆಕ್ಸಲನ್ನು ಅದರ ಜಾಗಕ್ಕೆ ಸರಿಸಿ, ಎರಡೂ ಪಕ್ಕ ಅಳೆದು, ಗಾಡಿಯನ್ನು ಜ್ಯಾಕಿನಿಂದ ಇಳಿಸಿ, ಅದರ ಭಾರ ಚಕ್ರದ ಮೇಲೆ ಬಿದ್ದ ಮೇಲಷ್ಟೇ ಪೈಪು ತೊಡಿಸಿ ಬೋಲ್ಟು ಬಿಗಿದರು. ಕೊನೆಗೆ ಉಳಿದದ್ದು ಆ ಎರಡು ನಟ್ಟು. ಅಂಗಾತ ಮಲಗಿ, ಬಲಗೈ ಮೇಲೆ ಎಡಗೈ ಇಟ್ಟು, ಕಣ್ಣು ಕತ್ತಲೆ ಬರುವವರೆಗೆ ಎಳೆದರು. ಸ್ಪ್ಯಾನರ್ ನಿಂತಿತು. ಮೊದಲಾದರೆ ಸಾಕೋ ಬೇಕೋ ಎಂದು ಮಣಿಕಟ್ಟೇ ಹೇಳುತ್ತಿತ್ತು. ಈಗ ಅದಕ್ಕೆ ಜೋಮು. ನಿಂತದ್ದು ನಟ್ಟೋ ತಮ್ಮ ಕೈಯೋ ಅವರಿಗೆ ತಿಳಿಯಲಿಲ್ಲ.

"ಆಯ್ತು," ಎಂದು ಹೊರಗೆ ಬಂದರು.

ಮರುದಿನ ಸೊಸೆ ಔಷಧದ ಪೆಟ್ಟಿಗೆ ಇಟ್ಟುಕೊಂಡು ಗಾಡಿ ಚಾಲೂ ಮಾಡಿದಳು. ಮೇಸ್ತ್ರಿ ಬಂದು ಬಾನೆಟ್ಟಿನ ಮುಂದೆ ನಿಂತರು.

"ಇಳಿಯಮ್ಮ."

"ಯಾಕೆ ಮಾವ?"

"ಸ್ಪ್ಯಾನರ್ ತಗೊಂಡು ಕೆಳಗ್ಹೋಗಿ ಆ ದೊಡ್ಡ ನಟ್ಟು ಒಂದ್ಸಲ ಬಿಗಿದು ನೋಡು."

"ನೀವು ಬಿಗಿದಿರೋದನ್ನ ನಾನಾ?" ಅವಳು ನಕ್ಕಳು.

"ನೋಡಮ್ಮ ಅಂದ್ನಲ್ಲ." ಅವರು ತಮ್ಮ ಸ್ಪ್ಯಾನರನ್ನೇ ಅವಳತ್ತ ಚಾಚಿದರು.

ಅವಳ ನಗು ಅಲ್ಲೇ ನಿಂತಿತು. ಗೋಣಿತಾಟು ಹಾಸಿ ಅಡಿಗೆ ಸರಿದಳು. ಮೇಸ್ತ್ರಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಹಸುವಿನ ಹೆರಿಗೆಗಳಲ್ಲಿ ಕರು ಎಳೆದು ಪಳಗಿದ ತೋಳು ಅವಳದು. ಶಾಸ್ತ್ರಕ್ಕೆಂಬಂತೆ ಒಮ್ಮೆ ಎಳೆದಳು. ನಟ್ಟು ತಿರುಗಿತು. ಮತ್ತೆ ಸ್ಪ್ಯಾನರ್ ಕೊಟ್ಟು ಎಳೆದಳು. ಮತ್ತೂ ತಿರುಗಿತು. ಅರ್ಧ ಸುತ್ತಾದ ಮೇಲೆ ಗಟ್ಟಿಯಾಗಿ ನಿಂತಿತು.

ಅವಳು ಬೈದರೆ ಬೈಸಿಕೊಳ್ಳಬಹುದು, ಸಮಾಧಾನ ಹೇಳಿಬಿಟ್ಟರೆ ಏನು ಮಾಡುವುದೆಂದು ಮೇಸ್ತ್ರಿಗೆ ಹೆದರಿಕೆಯಾಯಿತು. ಅವಳು ತಲೆ ಹೊರಗೆ ಹಾಕಿದಳು. ಅವರ ಮುಖ ನೋಡಲಿಲ್ಲ. ಮೊಣಕಾಲ ಮೇಲಿದ್ದ ಬಲಗೈಯನ್ನು, ಹೆಬ್ಬೆರಳ ಬುಡದ ಕುಳಿಯನ್ನು ನೋಡಿದಳು. ಬಾಯಿಲ್ಲದ ಪ್ರಾಣಿಗಳ ನೋವನ್ನು ದಿನವೂ ಕಣ್ಣಲ್ಲೇ ಹುಡುಕುವವಳಿಗೆ ಬೇರೆ ಹೇಳಬೇಕಾಗಿರಲಿಲ್ಲ.

"ಆ ಕಡೇದು, ಮಾವ?" ಎಂದು ಕೇಳಿದಳು.

"ಅದೂ ಹಂಗೇ ಇರುತ್ತೆ," ಎಂದರು ಮೇಸ್ತ್ರಿ.