ಹೊಸ ಕರುಳಿನ ಸೋದರಮಾವ

ಅವರ ಬಿಳಿ ಕೋಟಿನ ಮೇಲುಜೇಬಿನಿಂದ ಪೆನ್ನಿನ ಬದಲು ಹಿಡಿ ಬಾಗಿದ ಸ್ಟೀಲ್ ಚಮಚವೊಂದು ಇಣುಕುತ್ತಿತ್ತು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಊಟ ನೋಡಿಕೊಳ್ಳುವುದು ಅವರ ಕೆಲಸ. ವಾರ್ಡಿನಲ್ಲೆಲ್ಲ ತೆಲುಗು, ನನ್ನೊಂದಿಗೆ, ನನ್ನ ಅವ್ವನೊಂದಿಗೆ ಮಾತ್ರ ಕನ್ನಡ. ನಾನು ಅವರನ್ನು ಪಥ್ಯದ ಮೇಡಂ ಎನ್ನುತ್ತಿದ್ದೆ. ಯಾವ ಗಂಜಿಯನ್ನೂ ತಾವು ಬೇರೆ ಲೋಟದಲ್ಲಿ ಕುಡಿದು ನೋಡದೆ ರೋಗಿಗೆ ಕೊಟ್ಟವರಲ್ಲ. "ಸುಣ್ಣದ ನೀರಿನಂಗ ಆಗೈತಿ. ಆದರೂ ಕುಡಿ," ಎಂದು ಮೊದಲೇ ನಿಜ ಹೇಳಿಬಿಡುತ್ತಿದ್ದರು.

ರಕ್ತ ಹೆಪ್ಪುಗಟ್ಟಿ ಸತ್ತುಹೋದ ನನ್ನ ಸಣ್ಣ ಕರುಳಿನ ಜಾಗದಲ್ಲಿ, ತೀರಿಕೊಂಡ ಯಾರದೋ ಕರುಳನ್ನು ಕಸಿ ಮಾಡಿದ್ದರು. ಅದು ಊಟ ಹೀರಲು ಕಲಿಯುವವರೆಗೆ ಎದೆಯ ನಳಿಕೆಯಿಂದ ರಕ್ತಕ್ಕೆ ಇಳಿಯುವ ಪೋಷಣೆಯೇ ನನಗೆ ಊಟ. ಕಲಿಯದಿದ್ದರೆ ಮುಂದೆಯೂ ಅದೇ ನಳಿಕೆ. ದಿನಚರಿಯಲ್ಲಿ ತಾರೀಖು ಹಾಕಿ ಎರಡು ಸಾಲು ಬರೆಯುತ್ತಿದ್ದೆ: ಒಳಗೆ ಹೋದದ್ದು, ಹೊರಗೆ ಬಂದದ್ದು. ಮೊದಮೊದಲು ಎರಡೂ ಒಂದೇ. ಕುಡಿದ ಗಂಜಿಯೆಲ್ಲ ಹೊಟ್ಟೆಯ ಮೇಲೆ ಕರುಳಿನ ಬಾಯಿಗೆ ಅಂಟಿಸಿದ ಚೀಲಕ್ಕೆ ಬಂದುಬಿಡುತ್ತಿತ್ತು.

ನಮ್ಮ ಮನೆಯಲ್ಲಿ ಹೊಟ್ಟೆ ಕೆಟ್ಟರೆ ಲಂಘನ, ಅಂದರೆ ಉಪವಾಸ. ಅವ್ವ ಬಟ್ಟಲು ದೂರ ಸರಿಸಿದಳು. "ನಿಲ್ಲವಲ್ದು ಅಂದ್ರ ಯಾಕ ಹಾಕತೀರಿ? ಕರುಳು ಬೆಳಸೋ ಇಂಜೆಕ್ಷನ್ ಇರತಾವಂತ, ಅದನ್ನ ಕೊಡ್ರಿ."

ಮೇಡಂ ಮಂಚದ ಮೇಲಿದ್ದ ಟರ್ಕಿ ಟವೆಲ್ ಎತ್ತಿಕೊಂಡರು. "ಅಕ್ಕಾರ, ಇದರ ಎಳಿ ನೋಡ್ರಿ. ಕರುಳಿನ ಒಳಗೂ ಹಿಂಗ ಇರತಾವ, ಊಟ ಹೀರೋದು ಅವ. ಈಗ ಸವದಾವ. ನೀವು ಕೇಳೋ ಬೆಳಸೋ ಔಷಧ ಕರುಳು ತಾನೂ ತಯಾರ ಮಾಡತೈತಿ. ಆದರ ಊಟ ಮುಟ್ಟಬೇಕು. ಖಾಲಿ ಇಟ್ರ ಮಲಕೊಂಡಬಿಡತೈತಿ."

"ಮತ್ತ ಚೀಲ ತುಂಬಿದ್ರ?"

"ತುಂಬಲಿ ಬಿಡ್ರಿ. ಕೂಸು ಚೆಲ್ಲತೈತಿ ಅಂತ ತುತ್ತು ಕೊಡೂದು ಬಿಡತೀರೇನು?"

ಅವ್ವ ಸೋತಳು. ಕುದಿನೀರಿನಲ್ಲಿ ಅದ್ದಿದ ಆ ಬಾಗಿದ ಚಮಚದಿಂದ ಮೇಡಂ ದಿನವೂ ಗುಟುಕು ಗುಟುಕಾಗಿ ಕುಡಿಸಿದರು. ನನ್ನ ಎರಡು ಸಾಲುಗಳ ನಡುವೆ ನಿಧಾನವಾಗಿ ಅಂತರ ಹುಟ್ಟಿತು.

ಒಂದು ಮಧ್ಯಾಹ್ನ ಡಾಕ್ಟರು ಕ್ಯಾಮೆರಾ ಇಳಿಸಿ ನನ್ನ ಕರುಳು ನೋಡಿದರು. ಫಲಿತಾಂಶ ತಿಳಿದದ್ದೇ ಮೇಡಂ ಓಡಿ ಬಂದರು. "ಟವೆಲ್ ಎದ್ದು ನಿಂತೈತ್ರೀ ಅಕ್ಕಾರ!" ಏನಾಯಿತೆಂದು ತಿಳಿಯದೆ ನರ್ಸುಗಳು "ಏಮೈಂದಿ, ಏಮೈಂದಿ?" ಎಂದು ಬಾಗಿಲಲ್ಲಿ ಗುಂಪುಗೂಡಿದರು.

ನಳಿಕೆ ತೆಗೆದ ದಿನ ಅವ್ವ ಬೆಳ್ಳಿ ಬಟ್ಟಲಲ್ಲಿ ಮೆತ್ತನೆಯ ಅನ್ನ ತಂದಳು. ಹೊಸ ಕರುಳಿಗೆ ಅನ್ನಪ್ರಾಶನ ಆಗಲೇಬೇಕಂತೆ. ಮೊದಲ ತುತ್ತು ಕೊಡಬೇಕಾದವನು ಸೋದರಮಾವ, ಆದರೆ ಅವ್ವನಿಗೆ ಅಣ್ಣತಮ್ಮಂದಿರಿಲ್ಲ. "ನೀವ ಉಣಸ್ರಿ. ಇವತ್ತಿಂದ ಇಕಿ ಮಾವ ನೀವ."

"ಮೀಸಿ ಒಂದು ಕಡಿಮಿ ಐತಲ್ರಿ!" ಎಂದು ನಕ್ಕು ಮೇಡಂ ಅದೇ ಬಾಗಿದ ಚಮಚದಿಂದ ಮೊದಲ ತುತ್ತು ಕೊಟ್ಟರು. ಅಂದಿನ ದಿನಚರಿಯಲ್ಲಿ ಹೊರಗೆ ಬಂದದ್ದನ್ನು ಬರೆಯಲು ನನಗೆ ಮರೆತೇ ಹೋಯಿತು.

ಕರುಳು ಕೊಟ್ಟವರು ಯಾರೆಂದು ನನಗೆ ತಿಳಿಯದು. ಅದಕ್ಕೆ ಉಣ್ಣಲು ಕಲಿಸಿದವರು ಹೈದರಾಬಾದಿನ ಕುಷಾಯಿಗೂಡದಲ್ಲಿದ್ದಾರೆ. ನನ್ನ ಫೋನಿನಲ್ಲಿ ಅವರ ಹೆಸರು 'ಮಾವ'. ಇವತ್ತು ಮಧ್ಯಾಹ್ನವೂ ಕರೆ ಬಂತು.

"ಏನು ಉಂಡಿ?"

"ಜ್ವಾಳದ ರೊಟ್ಟಿ, ಪುಂಡಿಪಲ್ಯ."

"ಎಷ್ಟು ರೊಟ್ಟಿ?"

"ತಡೀರಿ ಮಾವ, ಇನ್ನೂ ಉಣ್ಣಾಕತ್ತೀನಿ."