ಬಾನುಬಿಯ ಹಸಿರು ಅಂಜೂರ

ಹಂಸಭಾವಿಯ ನಮ್ಮ ಪಕ್ಕದ ಮನೆಯ ಹೂವಪ್ಪನ ಕೈಗೆ ಒಂದು ಅಂಜೂರದ ಎಲೆ ಕೊಟ್ಟರೆ ಸಾಕು, ಅದು ಯಾವ ಜಾತಿಯ ಗಿಡದ್ದೆಂದು ಹೇಳಿಬಿಡುತ್ತಿದ್ದ. ಹೇಳುವಾಗ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಮಾಡುತ್ತಿದ್ದುದು ಕೂಲಿ. ಆದರೆ ಹಾನಗಲ್ಲಿಗೋ ಶಿಗ್ಗಾಂವಿಗೋ ಹೋದವನು ಯಾರದೋ ಹಿತ್ತಲಿನ ಹಳೆಯ ಅಂಜೂರದ ಟೊಂಗೆ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡೇ ಬರುತ್ತಿದ್ದ. ಎಣ್ಣೆ ಡಬ್ಬಿಗಳಲ್ಲಿ ನೆಟ್ಟು, ಗುರುತಿಗೆಂದು ಒಂದೊಂದಕ್ಕೆ ಒಂದೊಂದು ಬಣ್ಣದ ಚಿಂದಿ ಕಟ್ಟುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ.

೧೯೮೪ರ ಜನವರಿಯ ಚಳಿಯಲ್ಲಿ ಸವಣೂರಿನ ಬಾನುಬಿ ಹೇಳಿಕಳಿಸಿದಳು. ಎಪ್ಪತ್ತು ದಾಟಿದ ಮುದುಕಿ. ಅವಳ ಮಾಳಿಗೆಗೆ ಮಣ್ಣು ಹಾಕಲು ಹೋದಾಗಿನ ಪರಿಚಯ. ಮಕ್ಕಳು ಮನೆ ಪಾಲು ಮಾಡಿಕೊಂಡು ಹಿತ್ತಲಿನ ನಡುವೆ ಗೋಡೆ ಎಬ್ಬಿಸುವವರಿದ್ದರು. ಅಡ್ಡ ಬಂದ ಅಂಜೂರದ ಮರ ಮರುದಿನವೇ ಬೀಳುವುದಿತ್ತು. ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಉಳಿಯುವ ಅಂಥ ಅಂಜೂರವನ್ನು ಹೂವಪ್ಪ ಬೇರೆಲ್ಲೂ ಕಂಡಿರಲಿಲ್ಲ.

“ನಮ್ಮ ಅಮ್ಮಾ ಹಚ್ಚಿದ್ದಪಾ ಇದು. ನನ್ನ ಪಾಲಿನ್ಯಾಗ ಒಂದು ಸಸಿ ಹಚ್ಚಿಕೊಡು. ಸಾಯೂದರಾಗ ಒಂದ ಹಣ್ಣ ತಿನಬೇಕು,” ಎಂದಳು.

“ಬೇರು ಬಿಟ್ಟು ಗಟ್ಟಿ ಆಗಲಿ, ತಂದು ಕೊಡ್ತೇನ್ರಿ,” ಎಂದು ಹೂವಪ್ಪ ಮಾತು ಕೊಟ್ಟ.

ಅಂದೇ ಮರದಿಂದ ಕೊಯ್ದು ತಂದ ಕಡ್ಡಿಗಳಲ್ಲಿ ಒಂದೇ ಒಂದು ಚಿಗುರಿತು. ಅದಕ್ಕೆ ಕೆಂಪು ಚಿಂದಿ. ಅದೂ ಸೇರಿ ಹಿತ್ತಲಲ್ಲಿ ಹನ್ನೆರಡು ಡಬ್ಬಿಗಳಾದವು.

ಮಹಾನವಮಿಗೆ ಘಟ ಕೂಡಿಸುವ ಮುಂಚೆ ಮನೆಯಲ್ಲಿ ಒಗೆಯದ ಅರಿವೆ ಒಂದೂ ಉಳಿಯಬಾರದು. ಕೌದಿ, ಚೀಲ, ಎಲ್ಲವೂ ಹಳ್ಳಕ್ಕೆ ಹೋಗಬೇಕು. ಇದರಲ್ಲಿ ಹೂವಪ್ಪನ ಹೆಂಡತಿ ಗುತ್ತೆವ್ವ ಓಣಿಗೇ ಮುಂದು. ಆ ವರ್ಷ ಒಗೆತದ ದಿನ ಸಂಜೆ ಅವನು ಕೂಲಿಯಿಂದ ಬಂದಾಗ ಸಸಿಗಳಿಂದ ಬಿಚ್ಚಿದ ಹನ್ನೆರಡು ಚಿಂದಿಗಳೂ ಒಣಗಿ, ಮಡಿಕೆಯಾಗಿ ಕಟ್ಟೆಯ ಮೇಲಿದ್ದವು.

“ಇವನ್ನೂ ಒಗದೇನ್ರಿ. ಎಷ್ಟ ಹೊಲಸಾಗಿದ್ದುವು!”

ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಮಾತು ಬದಲಿಸಿದ. “ಇರಲಿ ಬಿಡು. ಎಲಿ ನೋಡಿ ಹೇಳತೇನಿ,” ಎಂದ.

ಎಳೆಯ ಸಸಿಯ ಎಲೆಯನ್ನು ನಂಬಬಾರದು, ಅದಕ್ಕಿನ್ನೂ ತನ್ನ ಆಕಾರವೇ ಬಂದಿರುವುದಿಲ್ಲ ಎಂದು ಹತ್ತು ಜನಕ್ಕೆ ಬುದ್ಧಿ ಹೇಳಿದವನು ಅವನೇ. ಆದರೂ ಎಲೆ ತಿರುವಿ ನೋಡಿ, ಒಂದಕ್ಕೆ ಕೆಂಪು ಚಿಂದಿ ಕಟ್ಟಿಬಿಟ್ಟ. ಮುಂದಿನ ಬೇಸಿಗೆಗೆ ಓಣಿಯ ಬಾವಿ ತಳ ಕಂಡಿತು. ಸಿಕ್ಕ ನೀರು ಆರು ಡಬ್ಬಿಗಳಿಗಷ್ಟೇ ಸಾಲುತ್ತಿತ್ತು. ಕೆಂಪು ಚಿಂದಿಯದನ್ನು ಮೊದಲು ಮಾಡಿ ಆರನ್ನು ಆರಿಸಿದ. ಉಳಿದ ಆರು ಕಣ್ಣೆದುರೇ ಒಣಗಿದವು.

೧೯೮೬ರಲ್ಲಿ ಆ ಆರೂ ಹಣ್ಣು ಬಿಟ್ಟವು. ಆರರ ಹಣ್ಣೂ ಮಾಗುತ್ತ ನೇರಳೆ ಬಣ್ಣಕ್ಕೆ ತಿರುಗಿದವು; ಹಸಿರಿನದು ಒಣಗಿದವುಗಳಲ್ಲೇ ಹೋಗಿತ್ತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಗುತ್ತೆವ್ವನ ಮೇಲಲ್ಲ, ಹೂವಪ್ಪನ ಆ ಜಂಬದ ಮೇಲೆ. ಅವನು ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ನಾಲ್ಕು ಹಣ್ಣು ಕಟ್ಟಿಕೊಂಡು ಸವಣೂರಿನ ಬಸ್ಸು ಹತ್ತಿದ. ನಾನೂ ಜೊತೆಗೆ ಹೋದೆ.

ಬಾನುಬಿ ಗೋಡೆಯ ಈಚೆ ಮೊಣಕಾಲಾಳದ ಗುಂಡಿ ತೆಗೆಸಿ, ಸುತ್ತ ಕಲ್ಲಿಟ್ಟಿದ್ದಳು.

“ಎರಡೂವರಿ ವರ್ಷ ಆತು, ದಿನಾ ಒಂದು ಚಂಬು ನೀರು ಹಾಕಿ ಹಸಿ ಇಟ್ಟೇನಿ ನೋಡಪಾ. ಎಲ್ಲೈತಿ ಸಸಿ?”

“ನಾನ ಒಣಗಿಸಿದ್ನಿರಿ,” ಎಂದ ಹೂವಪ್ಪ. ಹಣ್ಣು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದ.

ಅವಳು ಒಂದು ಹಣ್ಣನ್ನು ಒಡೆದು ನಿಧಾನಕ್ಕೆ ತಿಂದಳು. “ಇದೂ ಚೊಲೋ ಐತಿ,” ಎಂದಳು. ಕೈ ಒರೆಸಿಕೊಂಡು ಮೂಲೆಯ ಸಲಿಕೆ ತೋರಿಸಿದಳು.

“ಹೋಗೂ ಮುಂದ ಗುಂಡಿ ಮುಚ್ಚಿ ಹೋಗಪಾ. ಮಮ್ಮಕ್ಕಳು ಎಡವಿ ಬಿದ್ದಾವು.”

ಹೂವಪ್ಪ ಮುಚ್ಚಿದ. ಒಳಗಿನ ಮಣ್ಣು ಇನ್ನೂ ಹಸಿಯಾಗಿತ್ತು.