ಮಮ್ಮಿಗೆ ಇಟ್ಟ ಎಡೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರಿಲ್ಲ ಎಂದು ಮಳವಳ್ಳಿಯ ಟೀ ಅಂಗಡಿಯಲ್ಲಿ ಕೂತು ಹೇಳುತ್ತಿದ್ದರು, ಅದೂ ತಾವು ಸಂಪಾದಿಸಿದ ಆಸ್ತಿ ಎಂಬಂತೆ. ನಾನೋ ಬೆಳಗಾಗೆದ್ದು ಹಾಲು ಕರೆದು ಮಂಡ್ಯದ ಬಸ್ಸು ಹತ್ತುತ್ತಿದ್ದೆ.

ಬಿ.ಎ. ಕೊನೆಯ ವರ್ಷ ಇತಿಹಾಸಕ್ಕೊಂದು ಪ್ರವಾಸದ ವರದಿ ಕೊಡಬೇಕಿತ್ತು. ಅದಕ್ಕೆ ಮೇಷ್ಟ್ರ ಸಹಿ ಬೀಳದಿದ್ದರೆ ಡಿಗ್ರಿ ಇಲ್ಲ. ಬಸರಾಳಿನ ಹೊಯ್ಸಳ ದೇವಸ್ಥಾನ ತೀರಾ ಹತ್ತಿರವಿದ್ದುದರಿಂದ ಮೇಷ್ಟ್ರಿಗೆ ಅದು ಇತಿಹಾಸವಾಗಿ ಕಾಣಲಿಲ್ಲ. ಈಜಿಪ್ಟಿನ ಮಮ್ಮಿ ನೋಡಲು ಹೈದರಾಬಾದಿಗೆ ಹೊರಟೆವು. ಹೆಣ್ಣುಮಗಳೊಬ್ಬಳನ್ನೇ ಕಳಿಸಬಾರದೆಂದು ದೊಡ್ಡಪ್ಪ ನನ್ನ ಸೋದರತ್ತೆಯನ್ನೂ ಹತ್ತಿಸಿದರು.

ಮ್ಯೂಸಿಯಂನಲ್ಲಿ ಎಲ್ಲರೂ ಮಮ್ಮಿಗೆ ಬೆನ್ನು ಹಾಕಿ ನಿಂತರು. ಸೆಲ್ಫಿಗೆ ಹಾಗೇ ನಿಲ್ಲಬೇಕು. ಮೇಷ್ಟ್ರು ಮೊಬೈಲು ನೋಡಿಕೊಂಡು ರಾಜವಂಶಗಳ ಹೆಸರು ಓದಿದರು. ಗಾಜಿನೊಳಗೆ ಮಲಗಿದ್ದವಳು ಹರೆಯದ ಹುಡುಗಿ ಎಂದು ಅತ್ತೆಗೆ ಹೇಳಿದವಳು ನಾನೇ. ಪಕ್ಕದ ಚಿತ್ರದಲ್ಲಿ ಸತ್ತವರ ಮುಂದೆ ರೊಟ್ಟಿ, ಮಾಂಸ, ಹೆಂಡದ ಗಡಿಗೆ ಇದ್ದವು. ಪಿತೃಪಕ್ಷದಲ್ಲಿ ನಾವು ತೀರಿಕೊಂಡವರಿಗೆ ಎಡೆ ಇಡುತ್ತೇವಲ್ಲ, ಹಾಗೇ ಅತ್ತೆ ಚೀಲದಿಂದ ಕೋಡುಬಳೆ, ಎಲೆಅಡಿಕೆ ತೆಗೆದು ಗಾಜಿನ ಮುಂದಿಟ್ಟು ಕೈಮುಗಿದರು.

"ಪಾಪ, ವಯಸ್ಸಿನ್ ಹೆಣ್ಮಗ ಕಣವ್ವ. ಏಸ್ ವರ್ಸದಿಂದ ಎಡೆ ಕಂಡಿಲ್ವೋ."

ಕಾವಲುಗಾರ ಓಡಿ ಬಂದ. ಕಾಲೇಜಿನ ಮಾನ ಹೋಯಿತೆಂದು ಮೇಷ್ಟ್ರು ಮಂಡ್ಯ ತಲುಪುವವರೆಗೂ ಅನ್ನುತ್ತಲೇ ಬಂದರು. ನಿನ್ನ ವರದಿಗೆ ಸಹಿ ಹಾಕುವುದಿಲ್ಲ ಎಂದೂ ಅಂದರು.

ನಾನು ಆ ಎಡೆಯ ಬಗ್ಗೆಯೇ ಬರೆದೆ. ಉಳಿದವರದೆಲ್ಲ ಇಂಟರ್ನೆಟ್ಟಿನ ಒಂದೇ ಪುಟ, ತಪ್ಪುಗಳ ಸಮೇತ. ಸಹಿಯಿಲ್ಲದ ವರದಿ ಹಿಡಿದು ಮೌಖಿಕ ಪರೀಕ್ಷೆಗೆ ಕೂತೆ. ಹೊರಗಿನಿಂದ ಬಂದಿದ್ದ ಪರೀಕ್ಷಕಿ, ಸತ್ತವರಿಗೆ ಊಟ ಯಾಕೆ ಇಡುತ್ತಿದ್ದರು ಎಂದು ಪ್ರತಿಯೊಬ್ಬರನ್ನೂ ಕೇಳಿದರು. ಹೆಚ್ಚಿನವರು ನೈಲ್ ನದಿಯ ಉದ್ದ ಹೇಳಿದರು.

"ಸತ್ರೂ ಮನೆಯವರೇ ಅಲ್ವಾ ಮೇಡಂ, ಹಸಿವಾಗುತ್ತೆ ಅಂತ. ನಮ್ಮನೇಲೂ ಇಡ್ತೀವಿ," ಎಂದೆ.

ಅವರು ನನ್ನ ವರದಿ ಪೂರ್ತಿ ಓದಿ, ಪೆನ್ನನ್ನು ಪಕ್ಕದಲ್ಲೇ ಕೂತಿದ್ದ ಮೇಷ್ಟ್ರ ಕಡೆ ಚಾಚಿದರು. ಮೇಷ್ಟ್ರು ಸಹಿ ಹಾಕಿದರು. ಇದೆಲ್ಲ ತಾವೇ ಹೇಳಿಕೊಟ್ಟದ್ದು ಎಂದೂ ಸೇರಿಸಿದರು.

ಪದವಿ ಪ್ರಮಾಣಪತ್ರ ಬಂದ ದಿನ ಅದನ್ನು ಅತ್ತೆಯ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದು, ಮೇಲಿಂದ ಕೆಳಗೆ ನೋಡಿದರು.

"ಆ ನಿಮ್ ಮೇಷ್ಟ್ರಿಗೂ ಇಂಥದ್ದೇ ಕೊಟ್ಟವ್ರೇನವ್ವ?"